28 ಪೌಂಡಿನಲ್ಲಿ ಬದುಕಿದ ವೆಸ್ಲಿ

ಏಪ್ರಿಲ್ ಬಂತೆಂದರೆ ಪುಣೆಯ ನಮ್ಮ ಆಫೀಸಿನಲ್ಲಿ ಒಂದೇ ಮಾತು, ಈ ಸಲ ಇನ್‌ಕ್ರಿಮೆಂಟ್ ಎಷ್ಟು? ಹತ್ತು ವರ್ಷದಲ್ಲಿ ನನ್ನ ಸಂಬಳ ನಾಲ್ಕು ಪಟ್ಟಾಗಿದೆ. ಬಾಡಿಗೆ, ಕಾರಿನ ಇಎಂಐ ಕೂಡ ಜೊತೆಗೇ ಏರಿವೆ. ಭಾನುವಾರ ಚರ್ಚಿನಲ್ಲಿ ಕಾಣಿಕೆಗೆ ಹಾಕುವ ನೋಟು ಮಾತ್ರ ಮೈಸೂರು ಬಿಟ್ಟು ಬಂದಾಗಿನದೇ. ಹೀಗನ್ನಿಸಿದಾಗಲೆಲ್ಲ ನೆನಪಾಗುವವರು ಜಾನ್ ವೆಸ್ಲಿ. ಮೈಸೂರಿನವರಿಗೆ ವೆಸ್ಲಿ ಪ್ರೆಸ್, ವೆಸ್ಲಿ ಚರ್ಚಿನಿಂದಾಗಿ ಆ ಹೆಸರು ಪರಿಚಿತ. ಅವರ ಬದುಕು ಅಷ್ಟಾಗಿ ಪರಿಚಿತವಲ್ಲ.

ವೆಸ್ಲಿ ಹುಟ್ಟಿದ್ದು 1703ರಲ್ಲಿ, ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ. ತಂದೆ ಅಲ್ಲಿನ ಪಾದ್ರಿ. ಮನೆ ತುಂಬ ಮಕ್ಕಳು, ತಲೆ ಮೇಲೆ ಸಾಲ. ಅದನ್ನು ತೀರಿಸಲಾಗದೆ ತಂದೆ ಜೈಲಿಗೂ ಹೋಗಿ ಬಂದರು. 1709ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಐದು ವರ್ಷದ ಜಾನ್‌ನನ್ನು ಮಹಡಿಯ ಕಿಟಕಿಯಿಂದ ಇಳಿಸಿ ಉಳಿಸಿದರು. ಬಡತನ ಅವರು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

1726ರಲ್ಲಿ ಆಕ್ಸ್‌ಫರ್ಡ್‌ನ ಲಿಂಕನ್ ಕಾಲೇಜಿನ ಫೆಲೋ ಆದರು. ಆಕ್ಸ್‌ಫರ್ಡ್ ದಿನಗಳಲ್ಲೊಮ್ಮೆ, ಕೊರೆಯುವ ಚಳಿಯಲ್ಲಿ, ತಾವೂ ಗೆಳೆಯರೂ ಓದಿಸುತ್ತಿದ್ದ ಬಡ ಹುಡುಗಿಯೊಬ್ಬಳು ತೆಳು ಬಟ್ಟೆಯಲ್ಲಿ ಎದುರು ನಿಂತಳು. ಕೊಡೋಣವೆಂದು ಜೇಬಿಗೆ ಕೈ ಹಾಕಿದರೆ ಹಣವೆಲ್ಲ ಆಗಲೇ ಖರ್ಚಾಗಿತ್ತು. ಗೋಡೆಗೆ ಚಿತ್ರ ಕೊಂಡ ದುಡ್ಡು ಇವಳ ಮೈ ಮುಚ್ಚಬಹುದಿತ್ತಲ್ಲ, ದೇವರಿಗೇನು ಲೆಕ್ಕ ಕೊಡಲಿ ಎಂದು ಮನಸ್ಸು ಚುಚ್ಚಿತು.

ಮುಂದೆ ಪ್ರವಚನವೊಂದರಲ್ಲಿ ಅವರು ಆಕ್ಸ್‌ಫರ್ಡಿನ ತರುಣನೊಬ್ಬನ ಲೆಕ್ಕ ಹೇಳಿದರು. ಹೆಸರು ಹೇಳಲಿಲ್ಲ, ಆದರೆ ಅದು ಅವರದೇ ಎಂಬುದು ರೂಢಿಯ ತಿಳಿವಳಿಕೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಆದಾಯ 60 ಆದಾಗಲೂ ಖರ್ಚು 28, ಕೊಟ್ಟದ್ದು 32. 90 ಬಂದಾಗ 62, 120 ಬಂದಾಗ 92. ದಶಮಾಂಶವೆಂದರೆ ಹತ್ತರಲ್ಲಿ ಒಂದು ಪಾಲು. ವೆಸ್ಲಿ ದೇವರ ಪಾಲೆಷ್ಟು ಎಂದು ಕೇಳಲೇ ಇಲ್ಲ. ಎಲ್ಲವೂ ದೇವರದೇ, ಅದರಲ್ಲಿ ನನಗೆಷ್ಟು ಸಾಕು ಎಂದು ಕೇಳಿಕೊಂಡರು.

ಅವರ ಅನುಯಾಯಿಗಳೂ ಬಹಳ ಜನ ಬಡವರೇ. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡುವ ಯೋಚನೆ ಹುಟ್ಟಿತು. ಆಗದವರ ಪಾಲನ್ನು ಗುಂಪಿನ ಮುಖಂಡನೇ ತುಂಬುವುದೆಂದಾಯಿತು.

ಪುಸ್ತಕಗಳಿಂದ ವೆಸ್ಲಿಗೆ ದೊಡ್ಡ ಆದಾಯ ಬಂತು. 1776ರಲ್ಲಿ ತೆರಿಗೆಯವರು ಬೆಳ್ಳಿ ಪಾತ್ರೆಗಳ ಲೆಕ್ಕ ಕೇಳಿದರು. ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಚಮಚ ಇವೆ, ಸುತ್ತಲ ಜನಕ್ಕೆ ರೊಟ್ಟಿಯಿಲ್ಲದಿರುವಾಗ ಇನ್ನು ಕೊಳ್ಳುವುದಿಲ್ಲ ಎಂದು ಬರೆದು ಕಳಿಸಿದರು. 1785ರ ಜನವರಿಯಲ್ಲಿ, 81ರ ವಯಸ್ಸಿನಲ್ಲಿ, ಬಡವರ ಬಟ್ಟೆಗಾಗಿ ಲಂಡನ್ನಿನ ಕರಗುವ ಹಿಮದಲ್ಲಿ ನಡೆದು 200 ಪೌಂಡ್ ಎತ್ತಿದರು.

ಕೊನೆಗಾಲದಲ್ಲಿ ಅವರಿಗೊಂದು ಕೊರಗಿತ್ತು. ದುಡಿಯಿರಿ, ಉಳಿಸಿರಿ, ಕೊಡಿರಿ ಎಂದು ಕಲಿಸಿದ್ದರು. ಜನ ಮೊದಲೆರಡನ್ನು ಕಲಿತು ಶ್ರೀಮಂತರಾದರು, ಮೂರನೆಯದನ್ನು ಮರೆತರು.

1791ರ ಮಾರ್ಚ್ 2ರಂದು ತೀರಿಕೊಂಡರು. ಆರು ಮಂದಿ ಬಡವರು ತಮ್ಮ ಪೆಟ್ಟಿಗೆ ಹೊರಬೇಕು, ತಲಾ ಒಂದು ಪೌಂಡ್ ಕೊಡಬೇಕು ಎಂದು ಬರೆದಿಟ್ಟಿದ್ದರು.

ನಾನೂ ಮೊದಲೆರಡು ಪಾಠ ಕಲಿತವನೇ. ಈ ಸಲ ಹೊಸ ಸಂಬಳದ ಪತ್ರ ಬಂದ ರಾತ್ರಿ ಹೆಂಡತಿಯ ಜೊತೆ ಕೂತು ಲೆಕ್ಕ ತೆರೆದೆ. ಎಷ್ಟು ಕೊಡೋಣ ಎಂಬುದನ್ನು ಆಮೇಲೆ ನೋಡೋಣ ಎಂದೆವು. ಮೊದಲು ಬರೆಯಬೇಕಾದದ್ದು ನಮ್ಮ ಮನೆಯ 28 ಎಷ್ಟು ಎಂಬುದನ್ನು. ಆ ಸಾಲು ತುಂಬಲು ನಡುರಾತ್ರಿಯಾಯಿತು.