ಅಲ್ಯೂಮಿನಿಯಂ ತಗಡಿನ ಮೇಲೆ ಕವಿಯ ಕೈಬರಹ

ಅಂಕೋಲೆಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿ ಕಾರವಾರ ಮುಟ್ಟಿದವರು ರವೀಂದ್ರನಾಥ ಟ್ಯಾಗೋರ್ ಅವರ ಹೆಸರು ಹೊತ್ತ ಕಡಲತೀರದಲ್ಲಿ ಒಮ್ಮೆಯಾದರೂ ಇಳಿಯದೆ ಮುಂದೆ ಹೋಗುವುದಿಲ್ಲ. ಆ ಹೆಸರು ಹೇಗೆ ಬಂತೆಂಬುದನ್ನು ಊರಿನವರು ಅಭಿಮಾನದಿಂದ ಹೇಳುತ್ತಾರೆ. ಸರ್ಕಾರಿ ಸೇವೆಯ ಕೆಲವು ವರ್ಷಗಳನ್ನು ಆ ಜಿಲ್ಲೆಯಲ್ಲಿ ಕಳೆದ ನನಗೆ ಕವಿಯ ಜೊತೆಗೇ ನೆನಪಾಗುವುದು ಮಳೆಗಾಲದ ಕಡತಗಳು. ಜುಲೈ ತಿಂಗಳಲ್ಲಿ ಕಪಾಟು ತೆರೆದರೆ ಬೂಷ್ಟು ಹಿಡಿದ ರಟ್ಟು, ಒಂದಕ್ಕೊಂದು ಅಂಟಿಕೊಂಡ ಹಾಳೆ, ಗೆದ್ದಲು ತಿಂದ ಅಂಚು. ಬರೆದದ್ದು ಬಾಳುವುದು ಯಾವುದರಿಂದ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಅಲ್ಲಿಯೇ. ಮುಂದೆ ಟ್ಯಾಗೋರರ ಬದುಕನ್ನು ಓದುತ್ತ ಹೋದಂತೆ ಅದೇ ಪ್ರಶ್ನೆ ಅವರ ಪುಸ್ತಕಗಳ ಚರಿತ್ರೆಯಲ್ಲಿಯೂ ಇದೆಯೆಂದು ತಿಳಿಯಿತು.

ರವೀಂದ್ರನಾಥರು ಜನಿಸಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋರಾಸಾಂಕೋದ ಶ್ರೀಮಂತ ಮನೆತನದಲ್ಲಿ. ಶಾಲೆಯ ಶಿಕ್ಷಣ ಅವರಿಗೆ ಒಗ್ಗಲಿಲ್ಲ; ಇಂಗ್ಲೆಂಡಿಗೆ ಹೋಗಿ ಪದವಿಯಿಲ್ಲದೆ ಮರಳಿದರು. ಅಣ್ಣ ಸತ್ಯೇಂದ್ರನಾಥರು ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ಮೊದಲ ಭಾರತೀಯರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರಕ್ಕೆ ಅವರು ಜಿಲ್ಲಾ ನ್ಯಾಯಾಧೀಶರಾಗಿ ಬಂದಿದ್ದರು. 1883ರಲ್ಲಿ ಇಪ್ಪತ್ತೆರಡರ ತಮ್ಮ ಅಣ್ಣನ ಮನೆಗೆ ಬಂದು ಕೆಲಕಾಲ ಉಳಿದರು.

ಗಾಳಿಮರಗಳ ಸಾಲು, ಅರ್ಧಚಂದ್ರಾಕಾರದ ತೀರ, ಬೆಟ್ಟಗಳ ನಡುವಿನಿಂದ ಬಂದು ಕಡಲು ಸೇರುವ ಕಾಳಿ ನದಿ, ಇವೆಲ್ಲ ‘ಜೀವನಸ್ಮೃತಿ’ಯಲ್ಲಿ ಪ್ರೀತಿಯಿಂದ ಚಿತ್ರಿತವಾಗಿವೆ. ಒಂದು ಬೆಳದಿಂಗಳ ಇರುಳು ಮನೆಯವರೊಡನೆ ದೋಣಿಯಲ್ಲಿ ನದಿಯ ಮೇಲಕ್ಕೆ ಸಾಗಿ, ಶಿವಾಜಿಯ ಕಾಲದ್ದೆನ್ನಲಾದ ಗುಡ್ಡದ ಕೋಟೆಯ ಬಳಿ ಇಳಿದು, ರೈತನೊಬ್ಬನ ಚೊಕ್ಕಟವಾದ ಅಂಗಳದಲ್ಲಿ ಕುಳಿತು ಉಂಡು, ಮರಳುವಾಗ ಅಳಿವೆಯಿಂದ ಮರಳಿನ ಮೇಲೆ ನಡೆದೇ ಮನೆ ಸೇರಿದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಹುಟ್ಟಿದ್ದು ಇದೇ ಕಾರವಾರದಲ್ಲಿ. ಲೋಕದ ಬಂಧನಗಳನ್ನೆಲ್ಲ ಕಡಿದುಕೊಂಡು ಅನಂತವನ್ನು ಪಡೆಯಲು ಹೊರಟ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲೆಯೊಬ್ಬಳ ವಾತ್ಸಲ್ಯ ಮರಳಿ ಲೋಕಕ್ಕೆ ಎಳೆದು ತರುವ ಕಥೆ ಅದು. ಸೀಮೆಯೊಳಗೇ ಅಸೀಮವನ್ನು ಕಾಣುವ ಈ ಮಾತೇ ತಮ್ಮ ಮುಂದಿನ ಬರವಣಿಗೆಯ ತಿರುಳೆಂದು ಕವಿ ತರುವಾಯ ಗುರುತಿಸಿಕೊಂಡರು. ಕಾಗದ, ಮಸಿ, ಹೊಲಿಗೆಗಳ ಸೀಮೆಯುಳ್ಳ ಪುಸ್ತಕವೆಂಬ ವಸ್ತುವಿನಲ್ಲಿ ಅವರು ಮುಂದೆ ತೋರಿದ ಆಸ್ಥೆಗೂ ಇದಕ್ಕೂ ನಂಟಿದೆಯೆಂದು ನಾನು ಭಾವಿಸಿದರೆ, ವಿದ್ವಾಂಸರು ಕ್ಷಮಿಸಬೇಕು.

ಜಮೀನಿನ ಆಡಳಿತ, 1901ರಲ್ಲಿ ಶಾಂತಿನಿಕೇತನದ ಶಾಲೆ, ಪತ್ನಿ ಮತ್ತು ಮಕ್ಕಳ ಅಗಲಿಕೆ ಇವೆಲ್ಲ ಕಳೆದು 1912 ಬಂತು. ಅನಾರೋಗ್ಯದ ವಿಶ್ರಾಂತಿಯಲ್ಲಿ ತಮ್ಮ ಹಾಡುಗಳನ್ನು ಇಂಗ್ಲಿಷಿಗೆ ತಂದ ಕವಿ, ಹಡಗಿನಲ್ಲಿಯೂ ಆ ಕೆಲಸ ಮುಂದುವರಿಸಿ ಜೂನ್‌ನಲ್ಲಿ ಲಂಡನ್ ತಲುಪಿದರು. ಅಲ್ಲಿ ಮಗ ರಥೀಂದ್ರನಾಥರು ಹಸ್ತಪ್ರತಿಯಿದ್ದ ಕೈಪೆಟ್ಟಿಗೆಯನ್ನು ನೆಲದಡಿಯ ರೈಲಿನಲ್ಲಿ ಮರೆತುಬಿಟ್ಟರು! ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ಅದು ಸಿಕ್ಕದಿದ್ದರೆ ಇಂದು ನಾವು ಓದುವ ಇಂಗ್ಲಿಷ್ ‘ಗೀತಾಂಜಲಿ’ ಇರುತ್ತಿರಲಿಲ್ಲವೇನೋ.

ಆ ವರ್ಷ ಲಂಡನ್ನಿನ ಪುಸ್ತಕಲೋಕ ಬೇರೊಂದು ನಷ್ಟವನ್ನು ಕಂಡಿತ್ತು. ಸ್ಯಾಂಗೋರ್ಸ್ಕಿ ಮತ್ತು ಸಟ್‌ಕ್ಲಿಫ್ ಎಂಬ ಹೊದಿಕೆ ಕಟ್ಟುವ ಸಂಸ್ಥೆ ಉಮರ್ ಖಯ್ಯಾಮನ ರುಬಾಯಿಗಳಿಗೆ ಎರಡು ವರ್ಷ ದುಡಿದು ತೊಗಲಿನ ಹೊದಿಕೆಯೊಂದನ್ನು ಮಾಡಿತ್ತು. ಅದರ ಮೇಲೆ ಚಿನ್ನದ ನವಿಲುಗಳು. ಮಾಣಿಕ್ಯ, ಪಚ್ಚೆ, ಪುಷ್ಯರಾಗಗಳೂ ಸೇರಿದಂತೆ ಸಾವಿರಕ್ಕೂ ಹೆಚ್ಚು ರತ್ನಗಳು. ಮಾರ್ಚ್ ತಿಂಗಳ ಹರಾಜಿನಲ್ಲಿ ನಿರೀಕ್ಷೆಗಿಂತ ಬಹಳ ಕಡಿಮೆಯಾಗಿ 405 ಪೌಂಡಿಗೆ ಮಾರಾಟವಾದ ಆ ಗ್ರಂಥ ಅಮೆರಿಕಕ್ಕೆ ಹೊರಟದ್ದು ಟೈಟಾನಿಕ್ ಹಡಗಿನಲ್ಲಿ. ಏಪ್ರಿಲ್ 15ರಂದು ಅಟ್ಲಾಂಟಿಕ್‌ನ ತಳ ಸೇರಿತು. ಅಂತಹುದು ಇದ್ದದ್ದು ಒಂದೇ ಪ್ರತಿ.

ಅದೇ ವರ್ಷದ ಕೊನೆಗೆ ಇಂಡಿಯಾ ಸೊಸೈಟಿ ‘ಗೀತಾಂಜಲಿ’ಯನ್ನು ಚಿಸ್ವಿಕ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿತು. ಒಟ್ಟು 750 ಪ್ರತಿ. ಮಾರಾಟಕ್ಕೆ 250 ಮಾತ್ರ. ರತ್ನಗಳಿಲ್ಲದಿದ್ದರೂ ಅದೂ ಆಯ್ದ ಕೆಲವರ ಕೈಗಷ್ಟೇ ಎಟುಕಿದ ಪುಸ್ತಕವೇ. ಮರುವರ್ಷ ಮ್ಯಾಕ್‌ಮಿಲನ್ ಸಂಸ್ಥೆ ಸಾಮಾನ್ಯ ಆವೃತ್ತಿ ತಂದು ಮೇಲಿಂದ ಮೇಲೆ ಮರುಮುದ್ರಿಸಿತು. ನವೆಂಬರ್‌ನಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅರ್ಥಶಾಸ್ತ್ರ ಓದಿದವನ ಚಾಳಿಯಿಂದ ನಾನು ಇಲ್ಲಿ ಒಂದು ಲೆಕ್ಕ ಹಾಕುತ್ತೇನೆ. ಪುಸ್ತಕದ ಬಾಳಿಕೆಗೆ ಮಾಡುವ ವೆಚ್ಚವನ್ನು ವಸ್ತುವಿನ ಮೇಲೂ ಹಾಕಬಹುದು, ಪ್ರತಿಗಳ ಸಂಖ್ಯೆಯ ಮೇಲೂ ಹಾಕಬಹುದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ನಮ್ಮ ಅತ್ತಿಮಬ್ಬೆ, ಸಾವಿರ ವರ್ಷಗಳ ಹಿಂದೆಯೇ ಎರಡನೆಯದನ್ನು ಆಯ್ದುಕೊಂಡಿದ್ದಳು.

ಆದರೆ ಟ್ಯಾಗೋರರ ಆಸಕ್ತಿ ಕ್ರಮೇಣ ಹೊರಳಿದ್ದು ಮೂರನೆಯದೊಂದರತ್ತ, ಬರೆಯುವ ಕೈಯತ್ತ. 1924ರಲ್ಲಿ ಅರ್ಜೆಂಟೀನಾದಲ್ಲಿದ್ದಾಗ ‘ಪೂರಬಿ’ಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಬೆಸೆದು ವಿಚಿತ್ರ ಪಕ್ಷಿ, ಪ್ರಾಣಿಗಳ ಆಕಾರ ಕೊಟ್ಟರು. ಅಳಿಸಿದ ಗೀಟುಗಳೇ ಅವರನ್ನು ಚಿತ್ರಕಲೆಗೆ ಕರೆದೊಯ್ದವು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಚೀನಾ, ಜಪಾನ್ ಪ್ರವಾಸಗಳಲ್ಲಂತೂ ಹಸ್ತಾಕ್ಷರ ಬೇಡಿ ಬಂದವರು ಕಾಗದದ ಜೊತೆಗೆ ರೇಷ್ಮೆಯ ತುಂಡುಗಳನ್ನೂ ಬೀಸಣಿಗೆಗಳನ್ನೂ ಮುಂದೊಡ್ಡುತ್ತಿದ್ದರು. ಕವಿ ಬರಿಯ ಸಹಿ ಹಾಕದೆ ಎರಡು, ನಾಲ್ಕು ಸಾಲಿನ ಕವಿತೆಗಳನ್ನು ಬರೆದುಕೊಟ್ಟರು. ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳನ್ನು ಸವಿದ ಕನ್ನಡಿಗರಿಗೆ ನಾಲ್ಕು ಸಾಲಿನ ಬಲವನ್ನು ವಿವರಿಸಬೇಕಾಗಿಲ್ಲ.

ಆ ಕಿರುಗವಿತೆಗಳೇ ‘ಲೇಖನ್’ ಎಂಬ ಪುಸ್ತಕವಾದವು. 1926ರ ಯುರೋಪ್ ಪ್ರವಾಸದಲ್ಲಿ ಕವಿಯ ಜೊತೆಗಿದ್ದವರು ಪ್ರಶಾಂತಚಂದ್ರ ಮಹಾಲನೋಬಿಸ್. ಎರಡನೆಯ ಪಂಚವಾರ್ಷಿಕ ಯೋಜನೆಯ ಮಾದರಿಯಿಂದ ನನ್ನ ಪೀಳಿಗೆಯ ಅರ್ಥಶಾಸ್ತ್ರ ವಿದ್ಯಾರ್ಥಿಗಳ ನಿದ್ದೆಗೆಡಿಸಿದ ಅದೇ ಮಹಾಲನೋಬಿಸ್. ಕೈಬರಹವನ್ನು ಇದ್ದಂತೆಯೇ ಅಚ್ಚು ಹಾಕುವ ಉಪಾಯ ಜರ್ಮನಿಯಲ್ಲಿದೆಯೆಂದು ಕವಿಗೆ ತಿಳಿಯಿತು. ವಿಶೇಷ ಮಸಿಯಿಂದ ಅಲ್ಯೂಮಿನಿಯಂ ತಗಡಿನ ಮೇಲೆ ಬರೆಯಬೇಕು. ಆ ತಗಡಿನಿಂದ ಯಂತ್ರವು ಕಾಗದದ ಮೇಲೆ ಮುದ್ರಿಸುತ್ತದೆ. ಅಚ್ಚುಮೊಳೆ ಜೋಡಿಸುವವರ ಹಂಗು ಬೇಕಿಲ್ಲ. ಹಂಗೆರಿಯ ಬಾಲಟನ್ ಸರೋವರದ ದಂಡೆಯಲ್ಲಿ ಅಸ್ವಸ್ಥರಾಗಿ ವಿಶ್ರಮಿಸುತ್ತಿದ್ದ ಕವಿ, ಮುನ್ನುಡಿಯ ಕೆಳಗೆ ನವೆಂಬರ್ 7ರ ತಾರೀಖು ಹಾಕಿದರು. ಬಂಗಾಳಿ, ಇಂಗ್ಲಿಷ್ ಎರಡೂ ಅವರದೇ ಅಕ್ಷರಗಳಲ್ಲಿ. 1927ರಲ್ಲಿ ಪುಸ್ತಕ ಹೊರಬಂತು. ಒಂದು ಕಾಲಕ್ಕೆ ಬೆಲೆಬಾಳುವ ಲೋಹಗಳ ಸಾಲಿನಲ್ಲಿದ್ದ ಅಲ್ಯೂಮಿನಿಯಂ, 1886ರಲ್ಲಿ ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಕ್ರಮ ಸಿದ್ಧಿಸಿದ ಮೇಲೆ ಅಗ್ಗವಾಗಿ ಅಡುಗೆಮನೆಯ ಪಾತ್ರೆಯಾಯಿತು. ನವಿಲು ಕೂರಿಸಿದ ಹೊದಿಕೆಗಿಂತ ಪಾತ್ರೆಯ ಲೋಹದಿಂದ ಹುಟ್ಟಿದ ಈ ಪುಸ್ತಕವೇ ನನಗೆ ಹೆಚ್ಚಿನ ಐಶ್ವರ್ಯವಾಗಿ ಕಾಣುತ್ತದೆ. ಓದುಗನ ಕೈಗೆ ಬಂದದ್ದು ಬರಿಯ ಕಾಗದವಾದರೂ ಅದರಲ್ಲಿ ಕವಿಯ ಕೈಯ ಓಟವಿತ್ತು.

ಈ ಕಥೆಗೆ ಒಂದು ತೊಡಕೂ ಇದೆ. ಕವಯಿತ್ರಿ ಪ್ರಿಯಂವದಾ ದೇವಿಯವರ ಕೆಲವು ಕವಿತೆಗಳನ್ನು ತಮ್ಮವೆಂದೇ ಭಾವಿಸಿ ಟ್ಯಾಗೋರರು ‘ಲೇಖನ್’ನಲ್ಲಿ ಸೇರಿಸಿಬಿಟ್ಟಿದ್ದರು. ಅಕ್ಷರ ಕವಿಯದು, ಕವಿತೆ ಇನ್ನೊಬ್ಬರದು. ಸತ್ಯ ತಿಳಿದ ಮೇಲೆ 1928ರಲ್ಲಿ ‘ಪ್ರವಾಸಿ’ ಪತ್ರಿಕೆಯಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆಗ ಅವರು ಜಗತ್ತೇ ಬಲ್ಲ ಕವಿ. ಮೌನವಾಗಿದ್ದರೆ ಕೇಳುವವರು ಹೆಚ್ಚಿರಲಿಲ್ಲ. ಕಡತದಲ್ಲಿ ತಾವೇ ಬರೆದ ತಪ್ಪು ಟಿಪ್ಪಣಿಯನ್ನು ಒಪ್ಪಿಕೊಳ್ಳಲು ಹಿಂಜರಿಯುವ ಅಧಿಕಾರಿಗಳನ್ನು ಕಂಡಿದ್ದೇನೆ. ಆ ಸಾಲಿನಲ್ಲಿ ನಾನೂ ಒಮ್ಮೆ ಇದ್ದೆ.

1941ರ ಆಗಸ್ಟ್ 7ರಂದು ಟ್ಯಾಗೋರರು ಜೋರಾಸಾಂಕೋದ ಮನೆಯಲ್ಲಿಯೇ ನಿಧನರಾದರು. ‘ಲೇಖನ್’ ಬಂದ ಬಳಿಕವೂ ಅವರಿಂದ ಹಸ್ತಾಕ್ಷರ ಬೇಡುವವರು ನಿಂತಿರಲಿಲ್ಲ. ಯಾರ್‍ಯಾರದೋ ಹಸ್ತಾಕ್ಷರದ ಪುಸ್ತಕಗಳಲ್ಲಿ, ಕಾಗದಪತ್ರಗಳಲ್ಲಿ ಚದುರಿಹೋಗಿದ್ದ ಕಿರುಗವಿತೆಗಳನ್ನು ವಿಶ್ವಭಾರತಿಯವರು ಹುಡುಕಿ, ಕಲೆಹಾಕಿ 1945ರಲ್ಲಿ ‘ಸ್ಫುಲಿಂಗ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು.