ಬೆಳಕಿನ ಗುಟ್ಟನ್ನರಿತ ರಾಮನ್

ಕಡಲಿನ ನೀಲಿಬಣ್ಣಕ್ಕೂ ಕ್ಯಾನ್ಸರ್ ರೋಗಿಯ ಚಿಕಿತ್ಸೆಗೂ ಏನು ಸಂಬಂಧ? ಮೇಲ್ನೋಟಕ್ಕೆ ಯಾವ ಸಂಬಂಧವೂ ತೋರದು. ಆದರೆ ಇವೆರಡನ್ನೂ ಬೆಸೆಯುವ ಎಳೆಯೊಂದು ಚಂದ್ರಶೇಖರ ವೆಂಕಟರಾಮನ್ ಅವರ ಜೀವನದಲ್ಲಿದೆ.

ರಾಮನ್ ಅವರು ೧೮೮೮ರ ನವೆಂಬರ್ ೭ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನಗಳ ಉಪನ್ಯಾಸಕರು. ತಾಯಿ ಪಾರ್ವತಿ ಅಮ್ಮಾಳ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಪದವಿ ಪಡೆದ ರಾಮನ್, ೧೯೦೭ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲೆಲ್ಲ ಕಚೇರಿಯ ಲೆಕ್ಕಪತ್ರ. ಮುಂಜಾನೆ ಮತ್ತು ರಾತ್ರಿ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆ. ೧೯೧೭ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಪ್ರಾಧ್ಯಾಪಕ ಪದವಿಗೆ ಕರೆದಾಗ, ಹೆಚ್ಚಿನ ಸಂಬಳದ ಸರ್ಕಾರಿ ಹುದ್ದೆಯನ್ನು ಅವರು ನಿಶ್ಚಿಂತೆಯಿಂದ ತೊರೆದರು.

೧೯೨೧ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಸೆಳೆಯಿತು. ಆಕಾಶದ ಬಣ್ಣವೇ ನೀರಿನಲ್ಲಿ ಪ್ರತಿಫಲಿಸುತ್ತದೆಯೆಂದು ವಿದ್ವಾಂಸರು ನಂಬಿದ್ದ ಕಾಲವದು. ರಾಮನ್ ಅವರು ತಮ್ಮಲ್ಲಿದ್ದ ಪುಟ್ಟ ನಿಕೋಲ್ ಪಟ್ಟಕದಿಂದ ಆ ಪ್ರತಿಫಲನವನ್ನು ಮರೆಮಾಡಿ ನೋಡಿದರು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂಬುದು ಅವರಿಗೆ ಮನದಟ್ಟಾಯಿತು.

ಅಂದಿನಿಂದ ಏಳು ವರ್ಷಗಳ ಕಾಲ ಶಿಷ್ಯರೊಡನೆ ಚದುರಿದ ಬೆಳಕನ್ನು ಪರೀಕ್ಷಿಸಿದರು. ೧೯೨೮ರ ಫೆಬ್ರವರಿ ೨೮ರಂದು, ಕೆ. ಎಸ್. ಕೃಷ್ಣನ್ ಅವರ ನೆರವಿನೊಡನೆ ನಡೆಸುತ್ತಿದ್ದ ಪ್ರಯೋಗಗಳು ಫಲಿಸಿದವು. ದ್ರವದ ಮೂಲಕ ಹಾಯ್ದ ಒಂದೇ ಬಣ್ಣದ ಬೆಳಕಿನಲ್ಲಿ ಅತ್ಯಲ್ಪ ಭಾಗವು ಬಣ್ಣ ಬದಲಿಸಿಕೊಂಡು ಹೊರಬರುತ್ತಿತ್ತು. ಕಂಪಿಸುವ ಅಣುವಿಗೆ ಬೆಳಕು ತನ್ನ ಶಕ್ತಿಯಲ್ಲಿ ತುಸು ಕೊಡುತ್ತದೆ, ಇಲ್ಲವೆ ಅದರಿಂದ ಪಡೆಯುತ್ತದೆ. ಒಂದೊಂದು ಬಗೆಯ ಅಣುವಿನ ಕಂಪನವೂ ಬೇರೆಯಾದುದರಿಂದ, ಈ ಬದಲಾವಣೆ ಆ ಅಣುವಿನ ಹೆಬ್ಬೆರಳ ಗುರುತಿನಂತಿರುತ್ತದೆ. ಇದೇ ರಾಮನ್ ಪರಿಣಾಮ. ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ರಾಮನ್, ೧೯೪೮ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದರು. ೧೯೫೪ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನರಸಿ ಬಂದಿತು. ೧೯೭೦ರ ನವೆಂಬರ್ ೨೧ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು.

ಆದರೆ ಅವರ ಬೆಳಕು ಅಲ್ಲಿಗೆ ನಿಲ್ಲಲಿಲ್ಲ. ೧೯೬೦ರಲ್ಲಿ ಹುಟ್ಟಿದ ಲೇಸರ್ ಕಿರಣವು ಆ ಕ್ಷೀಣ ಬೆಳಕನ್ನು ಓದುವ ಕೆಲಸವನ್ನು ಸುಲಭಗೊಳಿಸಿತು. ಕ್ಯಾನ್ಸರ್ ತಗುಲಿದ ಜೀವಕೋಶಗಳಲ್ಲಿ ಪ್ರೋಟೀನು, ಕೊಬ್ಬು ಮೊದಲಾದವುಗಳ ಪ್ರಮಾಣ ಏರುಪೇರಾಗಿರುವುದರಿಂದ, ಅವು ಚದುರಿಸುವ ಬೆಳಕೂ ಬೇರೆಯಾಗಿರುತ್ತದೆ. ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ಕ್ಯಾನ್ಸರಿನ ಅಂಚು ಕಣ್ಣಿಗೆ ಕಾಣುವುದಿಲ್ಲ. ಉಳಿಸಿದರೆ ರೋಗ ಮರುಕಳಿಸೀತು, ಹೆಚ್ಚು ತೆಗೆದರೆ ಮಾತೇ ನಿಂತುಹೋದೀತು. ಇಂತಹ ಸಂದಿಗ್ಧದಲ್ಲಿ ದಾರಿ ತೋರಬಲ್ಲ, ಕೈಯಲ್ಲಿ ಹಿಡಿಯುವ ರಾಮನ್ ಶೋಧಕವೊಂದರ ಪ್ರಯೋಗದ ಫಲಿತಾಂಶವನ್ನು ಕೆನಡಾದ ಮಾಂಟ್ರಿಯಲ್ಲಿನ ಸಂಶೋಧಕರು ೨೦೧೫ರಲ್ಲಿ ಪ್ರಕಟಿಸಿದರು. ನಮ್ಮ ಮಣಿಪಾಲದಲ್ಲಿಯೂ ನವಿ ಮುಂಬಯಿಯಲ್ಲಿಯೂ ಬಾಯಿಯ ಕ್ಯಾನ್ಸರನ್ನು ಬೆಳಕಿನಿಂದ ಗುರುತಿಸುವ ಸಂಶೋಧನೆಗಳು ನಡೆದಿವೆ.

ರಾಮನ್ ಅವರು ಔಷಧವನ್ನು ಅರಸಿ ಹೊರಟವರಲ್ಲ. ಕಡಲೇಕೆ ನೀಲಿ ಎಂದು ಕೇಳಿದರು. ಉತ್ತರ ದೊರೆಯುವವರೆಗೂ ವಿರಮಿಸಲಿಲ್ಲ. ಆ ಉತ್ತರವು ಇಂದು ರೋಗಿಯ ಹಾಸಿಗೆಯ ಬಳಿಗೆ ಬಂದು ನಿಂತಿದೆ.