ಮರಣದ 77 ವರ್ಷಗಳ ಬಳಿಕ ಅಗ್ರಸ್ಥಾನಕ್ಕೇರಿದ ದಾಂಡಿಗ ಜೋಶ್ ಗಿಬ್ಸನ್

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ದಾಖಲೆಗಳಲ್ಲಿ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯ ಮೊದಲ ಸ್ಥಾನ ದಶಕಗಳ ಕಾಲ ಟೈ ಕಾಬ್ ಅವರದಾಗಿತ್ತು. 2024ರ ಮೇ ತಿಂಗಳಲ್ಲಿ ಆ ಸ್ಥಾನ ಜೋಶ್ ಗಿಬ್ಸನ್ ಅವರ ಪಾಲಾಯಿತು. ಅಷ್ಟರಲ್ಲಿ ಗಿಬ್ಸನ್ ತೀರಿಕೊಂಡು 77 ವರ್ಷಗಳು ಕಳೆದಿದ್ದವು. ಬದುಕಿದ್ದಾಗ ಅವರು ಮೇಜರ್ ಲೀಗ್‌ನ ಒಂದೇ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆಡಲು ಅವರಿಗೆ ಅವಕಾಶವೇ ಇರಲಿಲ್ಲ.

ಗಿಬ್ಸನ್ ಹುಟ್ಟಿದ್ದು 1911ರ ಡಿಸೆಂಬರ್ 21ರಂದು, ಜಾರ್ಜಿಯಾ ರಾಜ್ಯದ ಬ್ಯೂನಾ ವಿಸ್ಟಾದಲ್ಲಿ. ತಂದೆಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ದೊರೆತ ಕಾರಣ ಕುಟುಂಬ ಪಿಟ್ಸ್‌ಬರ್ಗ್ ನಗರಕ್ಕೆ ವಲಸೆ ಬಂದಿತು. 1930ರಲ್ಲಿ, ಇನ್ನೂ ಹದಿನೆಂಟರ ಹರೆಯದಲ್ಲಿ, ಅವರು ಹೋಂಸ್ಟೆಡ್ ಗ್ರೇಸ್ ತಂಡ ಸೇರಿದರು. ಅದೇ ವರ್ಷ ಅವಳಿ ಮಕ್ಕಳಿಗೆ ಜನ್ಮವಿತ್ತು ಪತ್ನಿ ಹೆಲೆನ್ ಕಣ್ಮುಚ್ಚಿದರು. ಆ ನೋವನ್ನು ಹೊತ್ತೇ ಗಿಬ್ಸನ್ ಮೈದಾನಕ್ಕೆ ಮರಳಿದರು.

ಕಪ್ಪು ವರ್ಣದ ಆಟಗಾರರನ್ನು ಹೊರಗಿಡುವ ಅಲಿಖಿತ ನಿಯಮವೊಂದು ಅಂದಿನ ಮೇಜರ್ ಲೀಗ್‌ನಲ್ಲಿ ಜಾರಿಯಲ್ಲಿತ್ತು. ಅಂಥವರಿಗಾಗಿ ನಡೆಯುತ್ತಿದ್ದ ನೀಗ್ರೋ ಲೀಗ್‌ಗಳಲ್ಲಿ ಗಿಬ್ಸನ್ ಗ್ರೇಸ್ ಮತ್ತು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳ ಪರ ಆಡಿದರು. ನಡುವೆ ಮೆಕ್ಸಿಕೋದಲ್ಲಿಯೂ ಆಡಿ ಬಂದರು. ಎಸೆತಗಾರನ ಚೆಂಡನ್ನು ದಾಂಡಿಗನ ಹಿಂದೆ ಕುಳಿತು ಹಿಡಿಯುವ ಕ್ಯಾಚರ್ ಸ್ಥಾನ ಅವರದು. ದೇಹವನ್ನು ಬಹುವಾಗಿ ದಣಿಸುವ ಈ ಹೊಣೆಯ ಜೊತೆಗೇ ಅವರು ಬ್ಯಾಟಿಂಗ್‌ನಲ್ಲಿ ಎಲ್ಲರನ್ನೂ ಮೀರಿಸಿದರು ಎಂಬುದು ಗಮನಾರ್ಹ.

ಬೇಸ್‌ಬಾಲ್ ಸರಾಸರಿ ನಮಗೆ ಪರಿಚಿತವಾದ ಕ್ರಿಕೆಟ್ ಸರಾಸರಿಯಂತಲ್ಲ. ಇಲ್ಲಿ ಎಣಿಸುವುದು ರನ್‌ಗಳನ್ನಲ್ಲ, ಹಿಟ್‌ಗಳನ್ನು. ದಾಂಡಿಗ ಚೆಂಡನ್ನು ಹೊಡೆದು, ಎದುರಾಳಿಗಳ ತಪ್ಪಿನ ನೆರವಿಲ್ಲದೆ, ಕನಿಷ್ಠ ಒಂದು ಬೇಸನ್ನಾದರೂ ಸುರಕ್ಷಿತವಾಗಿ ತಲುಪಿದರೆ ಅದು ಹಿಟ್. ಒಟ್ಟು ಹಿಟ್‌ಗಳನ್ನು ಬ್ಯಾಟಿಂಗ್ ಸರದಿಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದೊರೆಯುತ್ತದೆ. ಕೆಟ್ಟ ಎಸೆತಗಳಿಂದಾಗಿ ಸಿಗುವ ವಾಕ್ ಈ ಸರದಿಗಳ ಲೆಕ್ಕಕ್ಕೆ ಸೇರುವುದಿಲ್ಲ. ಹತ್ತು ಸರದಿಗಳಲ್ಲಿ ಮೂರು ಬಾರಿ ಯಶಸ್ವಿಯಾದವನು, ಅಂದರೆ 0.300 ಸರಾಸರಿ ಉಳ್ಳವನು, ಉತ್ತಮ ದಾಂಡಿಗನೆನಿಸುತ್ತಾನೆ. ಟೈ ಕಾಬ್ ಅವರ ಸರಾಸರಿ 0.367. ಹೊಸ ಪಟ್ಟಿಯಲ್ಲಿ ಗಿಬ್ಸನ್ ಅವರದು 0.372.

ಆದರೆ ಸರಾಸರಿಯು ಹೊಡೆತದ ಬಲವನ್ನು ಅಳೆಯುವುದಿಲ್ಲ. ಅದಕ್ಕಾಗಿ ಸ್ಲಗಿಂಗ್ ಎಂಬ ಇನ್ನೊಂದು ಅಳತೆಯಿದೆ. ಒಂದು ಬೇಸಿನ ಹೊಡೆತಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ಹೋಂ ರನ್ನಿಗೆ ನಾಲ್ಕು ಎಂದು ಕೂಡಿಸಿ ಸರದಿಗಳಿಂದ ಭಾಗಿಸಲಾಗುತ್ತದೆ. ಈ ಲೆಕ್ಕದಲ್ಲಿ ಬೇಬ್ ರೂತ್ ಅವರದು 0.690, ಗಿಬ್ಸನ್ ಅವರದು 0.718.

1943ರ ಆರಂಭದಲ್ಲಿ ಅವರಿಗೆ ಮೆದುಳಿನ ಗೆಡ್ಡೆ ಇರುವುದು ಪತ್ತೆಯಾಯಿತು. ಆದರೂ ಅವರು ಆಟ ನಿಲ್ಲಿಸಲಿಲ್ಲ. ಅದೇ ಋತುವಿನಲ್ಲಿ ಅವರು ಗಳಿಸಿದ 0.466 ಸರಾಸರಿ, 2024ರ ಪಟ್ಟಿಯಲ್ಲಿ ಒಂದೇ ಋತುವಿನ ಅತ್ಯುನ್ನತ ಸಾಧನೆಯಾಗಿ ದಾಖಲಾಯಿತು. 1947ರ ಜನವರಿ 20ರಂದು, 35ನೇ ವಯಸ್ಸಿನಲ್ಲಿ, ಗಿಬ್ಸನ್ ಪಿಟ್ಸ್‌ಬರ್ಗ್‌ನಲ್ಲಿ ನಿಧನರಾದರು. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಕಣಕ್ಕಿಳಿದು ವರ್ಣಭೇದದ ಆ ಗೋಡೆಯನ್ನು ಒಡೆದರು.

1972ರಲ್ಲಿ ಗಿಬ್ಸನ್ ಅವರಿಗೆ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಸಂದಿತು. ಆಗಲೂ ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲಿರಲಿಲ್ಲ; ಅದನ್ನು ನೆಟ್ಟದ್ದು 1975ರಲ್ಲಿ. 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳಿಗೆ 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸ್ಥಾನಮಾನ ದೊರೆಯಿತು. ಹಳೆಯ ಪತ್ರಿಕೆಗಳ ಅಂಕಪಟ್ಟಿಗಳನ್ನು ಹುಡುಕಿ ಸಂಶೋಧಕರು ಕಲೆಹಾಕಿದ 2,300ಕ್ಕೂ ಹೆಚ್ಚು ಆಟಗಾರರ ಸಾಧನೆಗಳು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿದವು.

ಈ ಹೋಲಿಕೆಗೆ ಆಕ್ಷೇಪಗಳೂ ಇವೆ. ಕಾಬ್ ಅವರದು 11,400ಕ್ಕೂ ಹೆಚ್ಚು ಸರದಿಗಳ ಸರಾಸರಿಯಾದರೆ, ಗಿಬ್ಸನ್ ಅವರದು ಸುಮಾರು 2,250 ಸರದಿಗಳದು. ಆಕ್ಷೇಪ ನಿರಾಧಾರವಲ್ಲ. ಆದರೆ ಸರದಿಗಳು ಕಡಿಮೆಯಾದದ್ದು ಗಿಬ್ಸನ್ ಅವರ ಆಯ್ಕೆಯಾಗಿರಲಿಲ್ಲ. ನೀಗ್ರೋ ಲೀಗ್‌ಗಳ ಋತು ಚಿಕ್ಕದಾಗಿತ್ತು. ಆಟಗಾರರು ಹೊಟ್ಟೆಪಾಡಿಗಾಗಿ ಊರೂರು ಸುತ್ತಿ ಆಡಿದ ಪ್ರದರ್ಶನ ಪಂದ್ಯಗಳು ಲೆಕ್ಕಕ್ಕೆ ಬರಲಿಲ್ಲ. ಹಾಲ್ ಆಫ್ ಫೇಮ್‌ನ ಫಲಕ ಅವರ ಹೋಂ ರನ್‌ಗಳು 800ರ ಸಮೀಪ ಎನ್ನುತ್ತದೆ. 2024ರ ಅಧಿಕೃತ ಪಟ್ಟಿ ಎಣಿಸಿದ್ದು 174 ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಗಿಬ್ಸನ್ ಅವರ ಬದುಕಿಗಾದ ಅನ್ಯಾಯದ ಅಳತೆಯೂ ಹೌದು.